ಸಡಿಲವಾಗದ ಪ್ಯಾಂಟು

ಆ ಬೀದಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎರಡಳತೆ ಟೇಲರ್ ಅಂದರೆ ಸಾಕು, ಬಸ್ಸಿಳಿದವರಿಗೆ ಯಾರು ಬೇಕಾದರೂ ಅಂಗಡಿ ತೋರಿಸುತ್ತಿದ್ದರು. ಗಿರಾಕಿಯ ನಡುವಿಗೆ ಟೇಪು ಸುತ್ತಿ ಒಂದು ಸಲ ಅಳೆಯುವುದು. ಆಮೇಲೆ ಏನೋ ನೆನಪಾದವನ ಹಾಗೆ ಬಾಗಿಲ ಕಡೆ ನೋಡಿ, ಗಿರಾಕಿಯೂ ಆ ಕಡೆ ತಿರುಗಿದ್ದೇ ತಡ, ಗಬಕ್ಕನೆ ಇನ್ನೊಂದು ಸಲ ಅಳೆಯುವುದು. ಮೊದಲನೆಯದು ಗಿರಾಕಿ ಉಸಿರು ಬಿಗಿಹಿಡಿದು ಹೇಳುವ ಸುಳ್ಳು, ಎರಡನೆಯದು ಹೊಟ್ಟೆ ತಾನಾಗಿ ಹೇಳುವ ನಿಜ ಅಂತ ಅವನ ಲೆಕ್ಕ. ಲೆಕ್ಕ ತಪ್ಪೇನಲ್ಲ ಬಿಡಿ. ಅವನು ಹೊಲಿದ ಪ್ಯಾಂಟು ಹೊಟ್ಟೆ ತುಂಬ ಉಂಡ ಮೇಲೂ ಬಿಗಿಯಾಗುತ್ತಿರಲಿಲ್ಲ. ಬೆಲ್ಟು ಕಟ್ಟಿಕೊಂಡು ಬಂದವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಬೆಲ್ಟು ಯಾಕೆ ಬೇಕು? ಟೇಲರ್‌ಗೆ ಕೆಲಸ ಬರದಿದ್ರೆ ಬೇಕು," ಅನ್ನುತ್ತಿದ್ದ.

ಆದರೆ ಈ ಅನುಮಾನದ ಚಾಳಿ ಟೇಪಿನ ಜೊತೆ ಗೂಟಕ್ಕೆ ನೇತುಹಾಕಿ ಬರುವಂಥದ್ದಲ್ಲವಲ್ಲ! ಹಾಲಿಗೆ ನೀರು ಬೆರೆಸಿದ್ದಾರೆ ಅಂತ ಅನುಮಾನ, ನೀರಿಗೆ ಇನ್ನೇನೋ ಬೆರೆಸಿದ್ದಾರೆ ಅಂತ ಅನುಮಾನ. ಔಷಧಿ ಅಂಗಡಿಯ ಮುಂದಿನ ತೂಕದ ಯಂತ್ರ ಎಲ್ಲರಿಗೂ ಜಾಸ್ತಿ ತೋರಿಸುತ್ತದೆ, ಹೆದರಿ ಮಾತ್ರೆ ಕೊಳ್ಳಲಿ ಅಂತ, ಅನ್ನುವುದು ಅವನ ಖಚಿತ ಅಭಿಪ್ರಾಯ. ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಪರದೆ. ಪರದೆಯ ಆಚೆ ಹೆಂಡತಿಯ ಮಿಷನ್ನು, ಅದರಾಚೆ ಅಡುಗೆಮನೆ. ಇವನು ಕತ್ತರಿಸಿ ಹೊಲಿದದ್ದಕ್ಕೆ ಗುಂಡಿ, ಹುಕ್ಕು, ಕಾಜ, ಅಂಚು ಎಲ್ಲ ಅವಳ ಕೈಯದು. ಇಷ್ಟು ವರ್ಷ ಒಂದೇ ಪರದೆಯ ಎರಡು ಕಡೆ ಕೂತು ಸಂಸಾರ ಮಾಡಿದ್ದರೂ, ಅವಳು ಇದ್ದಕ್ಕಿದ್ದಂತೆ ಸುಮ್ಮನಾದರೆ ಇವನ ಕತ್ತರಿ ಅರ್ಧಕ್ಕೇ ನಿಲ್ಲುತ್ತಿತ್ತು. ಏನು ನಡೆಸಿದ್ದಾಳೆ ಈಗ?

ಇಂಥ ಆಸಾಮಿ, ಮಹಡಿ ಮೇಲಿನ ಮಾಸ್ತರ ಮಾತು ಕೇಳಿ ಊಟ ಬಿಟ್ಟು ಬರೀ ಜ್ಯೂಸು ಕುಡಿಯಲು ಶುರು ಮಾಡಿದ ಅಂದಾಗ ಬೀದಿಯೇ ಬಾಯಿ ಬಿಟ್ಟುಕೊಂಡು ನೋಡಿತು. ನಂಬಿಕೆಯಿಂದ ಶುರು ಮಾಡಿದ್ದಲ್ಲ, ಹೆದರಿಕೆಯಿಂದ.

ಅವನಿಗೆ ಕತ್ತರಿ ಹಿಡಿಯಲು ಕಲಿಸಿದ್ದು ಅವನ ಅಣ್ಣ. ಇದೇ ಅಂಗಡಿ, ಇದೇ ಕತ್ತರಿಸುವ ಮೇಜು. ಅಣ್ಣನ ಹೊಟ್ಟೆ ವರ್ಷ ವರ್ಷ ಬೆಳೆಯಿತು, ತಮ್ಮ ವರ್ಷ ವರ್ಷ ಅವನ ಪ್ಯಾಂಟಿನ ಹಿಂದಿನ ನಡುಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟ ಬಟ್ಟೆ ಬಿಟ್ಟುಕೊಟ್ಟ. ಒಳ್ಳೆ ಟೇಲರ್ ಅಂದರೆ ಒಳಗೆ ಒಂದಿಷ್ಟು ಬಟ್ಟೆ ಉಳಿಸಿಯೇ ಹೊಲಿಯುತ್ತಾನೆ, ಮೈ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ ನೋಡಿ. ಒಂದು ವರ್ಷ ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ. "ಅಣ್ಣಾ, ಇನ್ನು ಬಿಡೋಕೆ ಬಟ್ಟೆ ಇಲ್ಲ," ಅಂದ. "ಹಾಗಾದ್ರೆ ಹೊಸದು ಹೊಲಿ ಮಾರಾಯಾ, ಅದಕ್ಯಾಕೆ ಅಳು ಮುಖ?" ಅಂತ ಅಣ್ಣ ನಕ್ಕ. ಹೊಸ ಪ್ಯಾಂಟಿಗೆ ಹುಕ್ಕು ಕೂರಿಸುವ ಮೊದಲೇ ಅಣ್ಣ ಆ ಮೇಜಿನ ಮೇಲೆ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಹುಕ್ಕಿಲ್ಲದ ಆ ಪ್ಯಾಂಟು ಇವತ್ತಿಗೂ ಅಟ್ಟದ ಮೇಲಿದೆ. ಎಸೆಯಲು ಯಾರಿಗೂ ಮನಸ್ಸಿಲ್ಲ.

ಈಚೆಗೆ ಒಂದು ದಿನ ಟೇಲರ್ ತನ್ನದೇ ಪ್ಯಾಂಟು ಸಡಿಲ ಮಾಡಲು ಕೂತ. ಹೊಲಿಗೆ ಬಿಚ್ಚಿ ಒಳಗೆ ನೋಡಿದ. ಬೆರಳಗಲ ಬಟ್ಟೆ ಉಳಿದಿತ್ತು, ಅಷ್ಟೇ. ಅವತ್ತೇ ಸಂಜೆ ಮಹಡಿ ಹತ್ತಿದ.

ಮಹಡಿ ಮೇಲಿನವರು ಒಂದು ಕಾಲಕ್ಕೆ ಶಾಲೆಯಲ್ಲಿ ಆಟ ಆಡಿಸುತ್ತಿದ್ದ ಮಾಸ್ತರು. ಈಗ ಜನರಿಗೆ ಊಟ ಬಿಡಿಸುತ್ತಾರೆ. ಬೆಳಿಗ್ಗೆ ಸೌತೆ, ಮಧ್ಯಾಹ್ನ ಕ್ಯಾರೆಟ್ಟು, ಸಂಜೆ ಬೀಟ್ರೂಟು, ಇಷ್ಟೇ ಅವರ ವೇದ. ವಾರಗಟ್ಟಲೆ ನಡೆಯುವ ಒಂದು ಸುತ್ತು ಮುಗಿದರೆ ಎರಡನೇ ಸುತ್ತು, ಅದಾದರೆ ಮೂರನೆಯದು. "ತೂಕ ನೋಡಬಾರದು, ಟೇಪು ಮುಟ್ಟಬಾರದು. ಅಳೆದರೆ ಮನಸ್ಸು ಹೊಟ್ಟೆಗೆ ಅಂಟಿಕೊಳ್ಳುತ್ತೆ," ಅಂತ ಅವರ ಕಟ್ಟಪ್ಪಣೆ. ಟೇಲರ್ ತಲೆಯಾಡಿಸಿದ. ಟೇಪು ಮುಟ್ಟಲಿಲ್ಲ ನಿಜ. ಹಾಗೆ ನೋಡಿದರೆ ಟೇಲರ್‌ಗೆ ತನ್ನ ನಡು ತಾನೇ ಸರಿಯಾಗಿ ಅಳೆದುಕೊಳ್ಳಲು ಬರುವುದೂ ಇಲ್ಲ, ಬೆನ್ನ ಹಿಂದೆ ಟೇಪು ಜಾರುತ್ತದೆ. ಆದರೆ ಇವನು ಯಾರನ್ನಾದರೂ ಪೂರ್ತಿ ನಂಬಿದ್ದುಂಟೆ? ತನ್ನದೇ ಒಂದು ಗುಟ್ಟಿನ ಅಳತೆ ಇಟ್ಟುಕೊಂಡ. ಅವನಿಗಿದ್ದದ್ದು ಮೂರು ಪ್ಯಾಂಟು, ಮೂರೂ ಒಂದೇ ಥಾನಿನ ಬೂದು ಬಟ್ಟೆ, ಮೂರೂ ಅವನೇ ಕತ್ತರಿಸಿದ್ದು. ಹುಕ್ಕು ಹಾಕಿ ಕೈಬಿಟ್ಟರೆ ಪ್ಯಾಂಟು ತಾನಾಗಿ ಜಾರಿ ಕಾಲ ಬುಡಕ್ಕೆ ಬೀಳಬೇಕು. ಬಿದ್ದ ದಿನ ಉಪವಾಸ ಮುಗಿಯಿತು. ಬೀಳುವ ತನಕ ಒಂದು ಅಗುಳು ಬಾಯಿಗಿಡುವುದಿಲ್ಲ. ಈ ಶಪಥವನ್ನು ಮಾಸ್ತರಿಗೆ ಹೇಳಲಿಲ್ಲ, ಹೆಂಡತಿಗಂತೂ ಹೇಳಲೇ ಇಲ್ಲ. ಹೇಳಿದರೆ ಯಾರಾದರೂ ಏನಾದರೂ ಮಾಡಿಬಿಡುತ್ತಾರೆ ಅಂತ.

ಶುರುವಿನಲ್ಲಿ ಹೆಂಡತಿ ಸೂರು ಹಾರಿಹೋಗುವ ಹಾಗೆ ಕೂಗಾಡಿದಳು. "ದುಡಿಯೋ ಮೈಗೆ ಬಣ್ಣದ ನೀರು ಕುಡಿಸ್ತೀರಾ? ನಾಳೆ ಕಣ್ಣು ಕತ್ತಲೆ ಬಂದು ಕೈ ಕತ್ತರಿಸ್ಕೊಂಡ್ರೆ ಆ ಮಾಸ್ತರು ಬಂದು ಹೊಲಿಗೆ ಹಾಕ್ತಾರಾ?" ಅಂದಳು. ಪಾತ್ರೆ ಕುಕ್ಕಿದಳು. ಇವನು ತನ್ನ ಪಾಡಿಗೆ ಕ್ಯಾರೆಟ್ಟು ರಸ ಹೀರುತ್ತಾ ಕೂತ. ದಿನಾ ಬೆಳಿಗ್ಗೆ ಪ್ಯಾಂಟು ಹಾಕಿಕೊಂಡ ಮೇಲೆ ಗೋಡೆ ಕಡೆ ತಿರುಗಿ, ನಡುಪಟ್ಟಿಯೊಳಗೆ ಬೆರಳು ತೂರಿಸಿ ನೋಡಿಕೊಳ್ಳುತ್ತಿದ್ದ. ಮೊದಲು ಒಂದು ಬೆರಳು ಹೋಯಿತು. ಆಮೇಲೆ ಎರಡು ಬೆರಳು ಹೋದವು. ಒಳಗೊಳಗೇ ಹಿಗ್ಗಿದ. ಯಾರಿಗೂ ಹೇಳಲಿಲ್ಲ. ಇನ್ನೊಂದೆರಡು ವಾರ, ತಾನಾಗಿ ಜಾರುತ್ತೆ, ಒಂದು ತಟ್ಟೆ ಬಿಸಿ ಅನ್ನ ಉಂಡುಬಿಡುತ್ತೇನೆ ಅಂದುಕೊಂಡ.

ಮರು ಸೋಮವಾರ ಇಸ್ತ್ರಿ ಮಾಡಿಟ್ಟಿದ್ದ ಪ್ಯಾಂಟು ಹಾಕಿಕೊಂಡು ಬೆರಳು ತೂರಿಸಿದ. ಒಂದು ಬೆರಳಿಗೂ ದಾರಿಯಿಲ್ಲ!

ಇನ್ನೊಂದು ಪ್ಯಾಂಟು ಹಾಕಿ ನೋಡಿದ. ಅದೂ ಬಿಗಿ. ಮೂರನೆಯದೂ ಬಿಗಿ. ಒಂದು ತಪ್ಪು ಹೇಳಬಹುದು, ಮೂರೂ ಸೇರಿ ಸುಳ್ಳು ಹೇಳುತ್ತವೆಯೇ? ಹಾಗಾದರೆ ಹೊಟ್ಟೆ ಮತ್ತೆ ಬಂದಿದೆ. ಬರೀ ರಸ ಕುಡಿದರೆ ಹೊಟ್ಟೆ ಹೇಗೆ ಬರುತ್ತೆ? ರಸದಲ್ಲಿ ಏನೋ ಇದೆ! ಆಗ ಅವನಿಗೆ ಇನ್ನೊಂದು ವಿಷಯ ಹೊಳೆಯಿತು. ಹೆಂಡತಿ ಕೂಗಾಡುವುದನ್ನು ನಿಲ್ಲಿಸಿ ಒಂದು ವಾರವಾಗಿತ್ತು. ಕೂಗಾಡುವುದಿರಲಿ, ಗಾಜಿನ ಲೋಟ ತಂದಿಟ್ಟು, "ತಗೊಳ್ಳಿ, ತಣ್ಣಗಿದೆ," ಅಂತ ಮೆತ್ತಗೆ ಹೇಳಿ ಹೋಗುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳು ಮೆತ್ತಗೆ ಮಾತಾಡಿದ್ದು ಅಂದರೆ ಏನೋ ಮುಚ್ಚಿಟ್ಟಾಗ ಮಾತ್ರ.

ಅವತ್ತಿನಿಂದ ತನಿಖೆ ಶುರುವಾಯಿತು. ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ನಾಲಿಗೆ ತುದಿಗೆ ಇಟ್ಟು ಕಣ್ಣು ಮುಚ್ಚಿ ಯೋಚಿಸಿದ. ಅನ್ನದ ತಿಳಿ ಬೆರೆಸಿದ್ದಾಳೆಯೇ? ಹಾಲಿನ ಪುಡಿಯೇ? ಕೊನೆಗೆ ಜೇಬಿನ ಒಳಗೆ ಕೊಡುವ ಬಿಳಿ ಬಟ್ಟೆಯ ತುಂಡು ತೆಗೆದು, ಅದರಲ್ಲಿ ಇಡೀ ಲೋಟ ಸೋಸಿ, ಬಟ್ಟೆ ಬಿಡಿಸಿ ನೋಡಿದ. ಕ್ಯಾರೆಟ್ಟಿನ ನಾರು, ಅದು ಬಿಟ್ಟರೆ ಏನೂ ಇಲ್ಲ. ಇನ್ನೊಂದು ದಿನ ಮಧ್ಯಾಹ್ನ ನಿದ್ದೆ ಬಂದವನ ಹಾಗೆ ಗೊರಕೆ ಹೊಡೆದು, ಎದ್ದು ಬೆಕ್ಕಿನ ಹೆಜ್ಜೆ ಇಟ್ಟು ಅಡುಗೆಮನೆ ಬಾಗಿಲಲ್ಲಿ ಇಣುಕಿದ. ಅವಳು ಮಿಕ್ಸಿ ಮುಚ್ಚಳ ಹಿಡಿದು ನಿಂತಿದ್ದಳು.

"ಏನ್ರೀ ಹುಡುಕ್ತಿದ್ದೀರಿ?"

"ಒಂದು ಗುಂಡಿ ಬಿತ್ತು ಕಣೇ."

"ಅಂಗಡೀಲಿ ಬಿದ್ದ ಗುಂಡಿ ನಡ್ಕೊಂಡು ಅಡುಗೆಮನೆಗೆ ಬಂತಾ?"

ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಅವನನ್ನೇ, ಅವನ ಕತ್ತಿನ ಹತ್ತಿರ ಎಲ್ಲೋ, ನೋಡಿ ಮುಖ ತಿರುಗಿಸಿದಳು. ಕಳ್ಳತನ ಮಾಡದವರು ಹೀಗೆ ಮುಖ ತಿರುಗಿಸುವುದಿಲ್ಲ ಅಂತ ಅವನಿಗೆ ಗಟ್ಟಿಯಾಯಿತು. ಮಾರನೇ ದಿನದಿಂದ ರಸ ತಾನೇ ಮಾಡಿಕೊಳ್ಳತೊಡಗಿದ. ಅರ್ಧಕ್ಕರ್ಧ ನೀರು. ಸಂಜೆಯ ಬೀಟ್ರೂಟು ಪೂರ್ತಿ ಬಿಟ್ಟ.

ಏನು ಬಿಟ್ಟರೇನು? ವಾರದ ನಡುವೆ ಪ್ಯಾಂಟು ಒಂಚೂರು ಸಡಿಲವಾದ ಹಾಗೆ ಅನ್ನಿಸುವುದು, ಸೋಮವಾರ ನೋಡಿದರೆ ಮತ್ತೆ ನಡುವಿಗೆ ಕಚ್ಚಿಕೊಂಡಿರುವುದು. ಇದರ ಮೇಲೆ ಇನ್ನೊಂದು ಪೀಡೆ ಗಂಟುಬಿತ್ತು. ಸ್ಟೂಲಿನ ಮೇಲೆ ಕೂತರೆ ಹಿಂದೆ ಏನೋ ದಪ್ಪಗೆ ಒತ್ತುತ್ತಿತ್ತು. ಕುರುವೋ, ಮೂಲವ್ಯಾಧಿಯೋ, ಯಾರ ಹತ್ತಿರ ಹೇಳಿಕೊಳ್ಳುವುದು? ನಾಚಿಕೆ ಬಿಟ್ಟು ಮಾಸ್ತರಿಗೆ ಹೇಳಿದ. "ಒಳಗಿನ ವಿಷ ಹೊರಗೆ ಹೋಗೋ ಲಕ್ಷಣ ಟೇಲರೇ," ಅಂದರು ಅವರು. ತಲೆ ತಿರುಗುತ್ತದೆ ಅಂದರೂ ವಿಷ ಹೊರಗೆ ಹೋಗೋ ಲಕ್ಷಣ. ಕೈ ನಡುಗುತ್ತದೆ ಅಂದರೂ ಅದೇ. ಇಷ್ಟು ವಿಷ ತುಂಬಿಕೊಂಡು ತಾನು ಇಷ್ಟು ದಿನ ಬದುಕಿದ್ದಾದರೂ ಹೇಗೆ ಅಂತ ಅವನಿಗೆ ಅದರ ಮೇಲೂ ಒಂದು ಅನುಮಾನ.

ನಡುಕ ಮಾತ್ರ ಸುಳ್ಳಲ್ಲ. ಕತ್ತರಿಸುವ ಬಟ್ಟೆಯ ಮೇಲೆ ಎಳೆದ ಗೆರೆ ಸೊಟ್ಟಗೆ ಹೋಗುತ್ತಿತ್ತು. ಸೀಮೆಸುಣ್ಣವೇ ಸರಿಯಿಲ್ಲ, ಈಚೆಗೆ ಎಲ್ಲದರಲ್ಲೂ ಮೋಸ ಅಂತ ಬೈದುಕೊಂಡ. ಅವನ ಹಳೇ ಗಿರಾಕಿ, ಬಸ್ ಕಂಡಕ್ಟರು, ಹೊಸ ಯೂನಿಫಾರ್ಮಿಗೆ ಬಟ್ಟೆ ಕೊಟ್ಟಿದ್ದ. ಅವನ ಅಂಗಿಗೆ ಎರಡು ತೋಳೂ ಎಡಗೈಯವೇ ಕತ್ತರಿಸಿಟ್ಟ! ಜೀವಮಾನದಲ್ಲಿ ಆಗದ ತಪ್ಪು. ಬೆಳಿಗ್ಗೆ ಎದ್ದು ನೋಡಿದರೆ ಮೇಜಿನ ಮೇಲೆ ಸರಿಯಾದ ಬಲತೋಳು ಇತ್ತು. ಹೆಂಡತಿ ಅದೇ ಬಣ್ಣದ ತುಂಡು ಹುಡುಕಿ ತಂದು, ಕತ್ತರಿಸಿ ಇಟ್ಟಿದ್ದಳು. ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ತಪ್ಪು ಮುಚ್ಚಿಹಾಕಿ ಸುಮ್ಮನಿದ್ದಾಳೆ ಅಂದರೆ ಇನ್ನೇನೇನು ಮುಚ್ಚಿಹಾಕಿದ್ದಾಳೋ ಅಂತ ಇವನು ಯೋಚಿಸಿದ. ಉಪಕಾರ ಮಾಡಿದರೂ ತಪ್ಪು ಹುಡುಕುವ ಮನುಷ್ಯನಿಗೆ ಏನು ಹೇಳೋಣ ಹೇಳಿ!

"ಮುಖ ಇಳಿದುಹೋಗಿದೆಯಲ್ಲ," ಅಂತ ಕಂಡ ಕಂಡವರು ಅನ್ನುತ್ತಿದ್ದರು. ಮುಖ ಇಳಿದರೆ ಏನು ಬಂತು? ಅಣ್ಣನನ್ನು ಕೊಂದದ್ದು ಮುಖವಲ್ಲವಲ್ಲ. ಅಂಗಿ ಹೇಗೂ ಅವನದು ಮೊದಲಿನಿಂದ ದೊಗಲೆ, ಪ್ಯಾಂಟಿನ ಹೊರಗೆ ಬಿಟ್ಟುಕೊಳ್ಳುವಂಥದ್ದು, ಅದರಿಂದ ಏನೂ ತಿಳಿಯುವುದಿಲ್ಲ. ಹೊಟ್ಟೆ ತಟ್ಟಿದರೆ ಒಳಗೆ ರಸ ಗುಳುಗುಳು ಅನ್ನುತ್ತಿತ್ತು. ಬೆಳಿಗ್ಗೆ ಎದ್ದರೆ ಅಟ್ಟದ ಮೇಲಿನ ಆ ಹುಕ್ಕಿಲ್ಲದ ಪ್ಯಾಂಟು ಕಣ್ಣಿಗೆ ಬೀಳುತ್ತಿತ್ತು.

ಎರಡನೇ ಸುತ್ತು ಮುಗಿದ ದಿನ ಮಾಸ್ತರು ಮಹಡಿ ಇಳಿದು ಬಂದರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ಏನ್ ಟೇಲರೇ, ಮೂರನೇ ಸುತ್ತಿಗೆ ಕೂರ್ತೀರೋ ಇಲ್ವೋ? ಸಂಜೆ ಒಳಗೆ ಹೇಳಿಬಿಡಿ," ಅಂದರು.

"ಎರಡು ಸುತ್ತು ಆದ್ರೂ ಹೊಟ್ಟೆ ಹಾಗೇ ಇದೆಯಲ್ಲ ಮಾಸ್ತರೇ."

"ನಿಮ್ಮದು ಹಠಮಾರಿ ಕೊಬ್ಬು. ಹಠಕ್ಕೆ ಹಠವೇ ಮದ್ದು. ಈ ಸಲ ದಿನಕ್ಕೆ ಒಂದೇ ಲೋಟ ಇಟ್ಕೊಳ್ಳಿ."

ಪರದೆಯ ಆಚೆ ಮಿಷನ್ನಿನ ಸದ್ದು ನಿಂತಿತು. ಟೇಲರ್ ಕಿವಿ ನೆಟ್ಟಗೆ ಮಾಡಿದ. ಕೇಳಿಸಿಕೊಳ್ಳುತ್ತಿದ್ದಾಳೆ! ಮಾಸ್ತರು ಹೋದರು. ಟೇಲರ್ ಮೇಜು ಹಿಡಿದು ನಿಂತೇ ಇದ್ದ. ಬಿಟ್ಟರೆ ಅಣ್ಣನ ಹಾದಿ. ಮುಂದುವರಿಸಿದರೆ, ನಿಜ ಹೇಳಬೇಕೆಂದರೆ, ಅದಕ್ಕೂ ಹೆದರಿಕೆಯೇ. ಅವತ್ತು ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಲ್ಲಲು ಗೋಡೆ ಬೇಕಾಗಿತ್ತು. ಆದರೂ ಪ್ಯಾಂಟು ಬೀಳುವ ತನಕ ಅಂತ ಮಾತು ಕೊಟ್ಟುಕೊಂಡದ್ದಾಗಿದೆ. ಪ್ಯಾಂಟು ಬಿದ್ದಿಲ್ಲ. ಒಂದೇ ಲೋಟ ಅಂದರೆ ಒಂದೇ ಲೋಟ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟ.

ಅಷ್ಟರಲ್ಲಿ ಕಂಡಕ್ಟರು ಯೂನಿಫಾರ್ಮು ಒಯ್ಯಲು ಬಂದ. ಟೇಲರ್ ಅಂಗಿ ಮಡಿಸುವಾಗ ಕೈ ತಾಗಿ ಸೀಮೆಸುಣ್ಣ ಮೇಜಿನ ಕೆಳಗೆ ಉರುಳಿತು. ಬಗ್ಗಿದ. ದೊಗಲೆ ಅಂಗಿ ಬೆನ್ನ ಮೇಲಕ್ಕೆ ಸರಿಯಿತು. ಕಂಡಕ್ಟರು ಗೊಳ್ಳೆಂದು ನಕ್ಕ.

"ಇದೇನ್ ಟೇಲರಣ್ಣ, ಹೊಸ ಫ್ಯಾಶನ್ನಾ? ಹಿಂದಿನ ಜೇಬು ಎರಡೂ ಒಂದಕ್ಕೊಂದು ಅಂಟ್ಕೊಂಡಿವೆ! ಪರ್ಸು ಒಂದರಲ್ಲಿ ಇಟ್ಟು ಇನ್ನೊಂದರಿಂದ ತೆಗೀಬಹುದು ನೋಡು!"

ಟೇಲರ್ ಸುಣ್ಣ ಎತ್ತಲಿಲ್ಲ. ಹಾಗೇ ಎದ್ದ. ಕಣ್ಣು ಕತ್ತಲೆ ಬಂತು, ಮೇಜು ಹಿಡಿದುಕೊಂಡ. "ಇಸ್ತ್ರಿ ಬಾಕಿ ಇದೆ, ನಾಳೆ ಬಾ," ಅಂತ ಕಂಡಕ್ಟರನ್ನು ಸಾಗಹಾಕಿ, ಸೀದಾ ಟ್ರಯಲ್ ರೂಮಿಗೆ ನುಗ್ಗಿ ಚಿಲಕ ಹಾಕಿಕೊಂಡ.

ಅಲ್ಲಿ ಗಿರಾಕಿಗೆ ಬೆನ್ನು ಕಾಣಲಿ ಅಂತ ಎದುರುಬದುರು ಎರಡು ಕನ್ನಡಿ ಇಟ್ಟಿದ್ದ. ಊರವರೆಲ್ಲ ಅದರಲ್ಲಿ ಬೆನ್ನು ನೋಡಿಕೊಂಡಿದ್ದರು, ಇವನೊಬ್ಬನನ್ನು ಬಿಟ್ಟು. ಅಂಗಿ ಎತ್ತಿ ನೋಡಿದ. ಹಿಂದಿನ ಜೇಬುಗಳ ನಡುವೆ ಅಂಗೈಯಗಲ ಜಾಗ ಬಿಟ್ಟು ತಾನೇ ಕೂರಿಸಿದ್ದ. ಈಗ ಎರಡೂ ಜಗಳ ಬಿಟ್ಟು ರಾಜಿಯಾದ ಅಕ್ಕತಂಗಿಯರ ಹಾಗೆ ಮೈಗೆ ಮೈ ತಾಗಿಸಿ ನಿಂತಿದ್ದವು. ಟೇಲರ್‌ಗೆ ಇನ್ನು ಬಿಡಿಸಿ ಹೇಳಬೇಕೇ? ಜೇಬು ತಾನಾಗಿ ನಡೆಯುವುದಿಲ್ಲ. ಹಿಂದಿನ ನಡುಹೊಲಿಗೆಯನ್ನು ಯಾರೋ ಒಳಗೆ ಹಿಡಿದು ಹೊಲಿದರೆ, ಮತ್ತೆ ಹಿಡಿದು ಹೊಲಿದರೆ, ಮತ್ತೂ ಹಿಡಿದರೆ, ಆಗ ಹತ್ತಿರ ಬರುತ್ತವೆ. ಆ ಯಾರೋ ಯಾರು ಅಂತ ಕೇಳುವುದೇ ಬೇಡ. ವಾರಕ್ಕೊಮ್ಮೆ ಈ ಪ್ಯಾಂಟುಗಳಿಗೆ ಇಸ್ತ್ರಿ ಹಾಕುವವರು ಈ ಮನೆಯಲ್ಲಿ ಒಬ್ಬರೇ.

ಅಂದರೆ ಪ್ಯಾಂಟು ಎಂದೋ ಬೀಳಬೇಕಾಗಿತ್ತು. ತಾನು ಎಂದೋ ಉಣ್ಣಬೇಕಾಗಿತ್ತು. ಬಿಗಿ ಮಾಡಿ, ಬಿಗಿ ಮಾಡಿ, ಹೊಟ್ಟೆ ಕರಗೇ ಇಲ್ಲ ಅಂತ ನಂಬಿಸಿ, ಒಂದೊಂದೇ ಲೋಟ ಬಿಡಿಸಿ, ಗೋಡೆ ಹಿಡಿದು ಏಳುವ ಹಾಗೆ ಮಾಡಿದ್ದಾಳೆ. ಯಾಕೆ? ಅವನ ಮನಸ್ಸು ಹೋಗಬಾರದ ಕಡೆಗೆಲ್ಲ ಹೋಗಿಬಂತು. ತಾನು ಸತ್ತರೆ ಅಂಗಡಿ ಅವಳದು. ಆ ಮೆತ್ತಗಿನ ಮಾತು, ಆ ತಣ್ಣಗಿನ ಲೋಟ, ಕತ್ತು ನೋಡಿ ಮುಖ ತಿರುಗಿಸುವುದು, ಎಲ್ಲ ಸರಿಯಾಗಿ ಕೂತವು. ಇಷ್ಟು ವರ್ಷ ಹಾಲಿನವನ ಮೇಲೆ, ಸೀಮೆಸುಣ್ಣದವನ ಮೇಲೆ ಅನುಮಾನಪಟ್ಟು, ಪಡಬೇಕಾದವಳನ್ನು ಬಿಟ್ಟುಬಿಟ್ಟೆನೇ ಅಂತ ಅವನಿಗೆ ಅಳು ಬಂತು.

ಪ್ಯಾಂಟು ಕಳಚಿ, ಬರೀ ಚಡ್ಡಿಯಲ್ಲಿ, ಪರದೆ ಸರಿಸಿ ಒಳಗೆ ಹೋದವನೇ ಅವಳ ಮಿಷನ್ನಿನ ಮೇಲೆ ಅದನ್ನು ಎಸೆದ.

"ಏನೇ ಇದು?"

ಅವಳು ಪ್ಯಾಂಟನ್ನೂ ನೋಡಿದಳು, ಅವನನ್ನೂ ನೋಡಿದಳು. ನಾಟಕ ಆಡಲಿಲ್ಲ.

"ಗೊತ್ತಾಯ್ತಾ? ಇಷ್ಟು ತಡ ಮಾಡ್ತೀರಿ ಅಂದ್ಕೊಂಡಿರಲಿಲ್ಲ. ದಿನಾ ಕಾಯ್ತಿದ್ದೆ."

"ನನ್ನ ಸಾಯಿಸಬೇಕು ಅಂತಿದ್ದೀಯಾ?"

ಮಾತು ಬಾಯಿಂದ ಹೊರಬಿದ್ದಾಗಿತ್ತು. ಅವಳ ಮುಖ ಕಪ್ಪಿಟ್ಟಿತು. ಡ್ರಾಯರ್ ಎಳೆದು ಬ್ಲೇಡು ತೆಗೆದು ಅವನ ಕೈಗೆ ಕೊಟ್ಟಳು. "ಬಿಚ್ಚಿ ನೋಡಿ. ಮೊದಲು ಬಿಚ್ಚಿ ನೋಡಿ, ಆಮೇಲೆ ಮಾತಾಡಿ," ಅಂದಳು.

ಅವನು ನೆಲದ ಮೇಲೆ ಕೂತು ಪ್ಯಾಂಟನ್ನು ಒಳಹೊರಗು ಮಾಡಿದ. ಹೊಲಿಗೆ ಬಿಚ್ಚುವ ಕೆಲಸ ಕೈಗೆ ಮರೆಯುವಂಥದ್ದಲ್ಲ. ಮೊದಲ ಸಾಲು ಬಿಚ್ಚಿದ. ಅದರ ಹಿಂದೆ ಇನ್ನೊಂದು ಸಾಲು. ಅದರ ಹಿಂದೆ ಮತ್ತೊಂದು. ಒಂದೊಂದು ಸೋಮವಾರಕ್ಕೆ ಒಂದೊಂದು. ಎಲ್ಲ ಅವಳ ಕೈಯ ಸಣ್ಣ ಹೊಲಿಗೆ, ತುದಿಗೆ ಎರಡೆರಡು ಸಲ ಗಟ್ಟಿ ಮಾಡಿದ್ದು. ಬಿಚ್ಚುತ್ತಾ ಹೋದಂತೆ ಒಳಗಿಂದ ಬಟ್ಟೆ ಬರುತ್ತಾ ಹೋಯಿತು. ಮಡಿಸಿ, ತಟ್ಟಿ, ಇಸ್ತ್ರಿ ಹಾಕಿ, ಎರಡೂ ಕಡೆ ಸಣ್ಣ ಕೈಹೊಲಿಗೆ ಹಾಕಿ ಕೂರಿಸಿದ್ದ ಬಟ್ಟೆ. ಕೊನೆಯ ಸಾಲು ಬಿಟ್ಟಾಗ ಅವನ ಮೊದಲ ಹೊಲಿಗೆಯ ಗುರುತು ಕಂಡಿತು. ಆ ಬೆರಳಗಲ ಉಳಿದಿದ್ದದ್ದೂ ಹಾಗೇ ಇತ್ತು. ಒಂದು ಎಳೆಯೂ ಹೋಗಿರಲಿಲ್ಲ.

ಕೂತಾಗ ಒತ್ತುತ್ತಿದ್ದದ್ದು ಇದೇ. ಮೂಲವ್ಯಾಧಿಯಲ್ಲ, ವಿಷವೂ ಅಲ್ಲ.

ಕೇಳಬೇಕಾದ್ದು ನೂರಿತ್ತು. ಅವನ ಬಾಯಿಂದ ಬಂದದ್ದು ಟೇಲರನ ಮಾತು. "ಇಷ್ಟು ಹಿಡಿದ ಮೇಲೆ ಮಿಕ್ಕಿದ ಬಟ್ಟೆ ಕತ್ತರಿಸಬೇಕು ಅಂತ ನಿನಗೆ ನಾನೇ ಅಲ್ವಾ ಕಲಿಸಿದ್ದು? ಯಾಕೆ ಕತ್ತರಿಸಲಿಲ್ಲ?"

ಅವಳು ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದಳು.

"ನಮ್ಮಮ್ಮಂದು ಕತ್ತರಿಸಿದ್ದೆ. ಕಾಯಿಲೆ ಬಿದ್ದು ಸೊರಗ್ತಾ ಹೋದ್ಲಲ್ಲ, ಅವಳ ರವಿಕೆ ಹದಿನೈದು ದಿನಕ್ಕೊಂದ್ಸಲ ಹಿಡಿದು ಕೊಡ್ತಿದ್ದೆ. ಒಳಗೆ ಗಂಟು ಒತ್ತುತ್ತೆ ಅಂದ್ಲು. ಒತ್ತದೇ ಇರಲಿ ಅಂತ ಮಿಕ್ಕಿದ್ದೆಲ್ಲ ಕತ್ತರಿಸಿ, ಚೂರು ಗುಡಿಸಿ ಎಸೆದೆ. ಆಮೇಲೆ ಅವಳು ಮೈ ತುಂಬ್ಕೊಳ್ಳಲೇ ಇಲ್ಲ. ಬಟ್ಟೆ ಇಟ್ಟಿದ್ರೆ ತುಂಬ್ಕೊಳ್ತಿದ್ಲು ಅಂತ ನಾನೇನೂ ಹೇಳಲ್ಲ, ಅಷ್ಟು ಹುಚ್ಚಿ ಅಲ್ಲ ನಾನು. ಆದ್ರೂ ನಿಮ್ಮದಕ್ಕೆ ಕತ್ತರಿ ಹಾಕೋಕೆ ಕೈ ಬರಲಿಲ್ಲ. ಕತ್ತರಿಸಿಬಿಟ್ರೆ ನೀವು ವಾಪಸ್ ಬರೋಕೆ ಜಾಗ ಎಲ್ಲಿರುತ್ತೆ?"

"ಮತ್ತೆ ಹಿಡಿದದ್ದು ಯಾಕೆ?"

"ದಿನಾ ಬೆಳಿಗ್ಗೆ ಬೆರಳು ಹಾಕಿ ನೋಡ್ಕೊಳ್ತಿದ್ರಲ್ಲ, ನನಗೆ ಕಾಣಲ್ಲ ಅಂದ್ಕೊಂಡ್ರಾ? ಸಡಿಲ ಆದಷ್ಟೂ ನಿಮಗೆ ಹುರುಪು. ಸಡಿಲವೇ ಆಗಲಿಲ್ಲ ಅಂದ್ರೆ, ಇದೆಲ್ಲ ದಂಡ ಅಂತ ಬೇಜಾರಾಗಿ ಬಿಟ್ಟುಬಿಡ್ತೀರಿ ಅಂದ್ಕೊಂಡೆ. ನೀವು ನೋಡಿದ್ರೆ ಒಂದೊಂದೇ ಲೋಟ ಬಿಟ್ರಿ. ಆಮೇಲೆ ಹೇಳೋಣ ಅಂದ್ರೆ, ಇಷ್ಟು ಕರಗಿದೆಯಾ ಅಂತ ಹಿಗ್ಗಿ ಇನ್ನೂ ಮುಂದುವರಿಸ್ತೀರಿ. ಹೇಳದಿದ್ರೆ ಹಠ ಹಿಡಿದು ಮುಂದುವರಿಸ್ತೀರಿ. ಪ್ರತಿವಾರ ಹಿಡಿಯೋವಾಗ ಎಷ್ಟು ಹೋದ್ರಿ ಅಂತ ನನಗೆ ಮಾತ್ರ ಗೊತ್ತಾಗ್ತಿತ್ತು. ಯಾರಿಗೆ ಹೇಳಲಿ? ಈ ವಾರ ಜೇಬು ಎರಡೂ ಕೂಡಿಬಿಟ್ಟವು, ಇನ್ನು ಹಿಡಿಯೋಕೆ ಜಾಗವೇ ಇಲ್ಲ."

ಟೇಲರ್ ಪ್ಯಾಂಟು ಅವಳ ಕಡೆ ಚಾಚಿದ. "ಮೊದಲಿದ್ದ ಗುರುತಿನ ಮೇಲೆ ಒಂದು ಹೊಲಿಗೆ ಓಡಿಸು," ಅಂದ.

ಮಿಷನ್ನು ಗರಗರ ಓಡಿತು. ಅವನು ಗೋಡೆ ಹಿಡಿದು ಎದ್ದು, ಪ್ಯಾಂಟು ಹಾಕಿಕೊಂಡು, ಹುಕ್ಕು ಸಿಕ್ಕಿಸಿ, ಎರಡೂ ಕೈ ಬಿಟ್ಟ.

ಪ್ಯಾಂಟು ಒಂದು ಗಳಿಗೆಯೂ ನಿಲ್ಲಲಿಲ್ಲ. ಸರ್ರನೆ ಜಾರಿ ಕಾಲ ಬುಡದಲ್ಲಿ ಮುದ್ದೆಯಾಗಿ ಬಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಕಿಟಕಿಯ ಬೆಳಕಿನಲ್ಲಿ ಅವನ ಕಾಲು ನೋಡಿ ಅವನಿಗೇ ಗುರುತು ಸಿಗಲಿಲ್ಲ. ಯಾರೋ ಮುದುಕನ ಕಾಲು ತಂದು ಜೋಡಿಸಿದ ಹಾಗಿತ್ತು.

"ಬಿತ್ತು," ಅಂದ. "ಮುಗೀತು."

"ಏನು ಮುಗೀತು?"

ಹೇಳಿದ. ಹುಕ್ಕು ಹಾಕಿ ಕೈಬಿಟ್ಟಾಗ ಪ್ಯಾಂಟು ಬೀಳಬೇಕು, ಬಿದ್ದ ದಿನ ಉಣ್ಣಬೇಕು ಅಂತ ಶಪಥ ಮಾಡಿದ್ದೆ, ಅದೊಂದೇ ಕಾಯ್ತಿದ್ದೆ ಅಂತ ಎಲ್ಲ ಹೇಳಿದ. ಕೇಳುತ್ತಾ ಕೇಳುತ್ತಾ ಅವಳು ಸ್ಟೂಲಿನ ಮೇಲೆ ಕುಸಿದಳು.

"ಅಂದ್ರೆ ನಾನು ಸುಮ್ನಿದ್ದಿದ್ರೆ..."

"ಸುಮ್ನಿದ್ದಿದ್ರೆ ಮೊದಲನೇ ಸುತ್ತಲ್ಲೇ ಬೀಳ್ತಿತ್ತು."

"ಅಯ್ಯೋ ನಿಮ್ಮ! ಇದನ್ನ ನನ್ನ ಹತ್ರ ಹೇಳೋಕೆ ನಿಮಗೇನ್ರೀ ಆಗಿತ್ತು?"

ಅವನು ಬಗ್ಗಿ ಪ್ಯಾಂಟು ಎತ್ತಿ ಎರಡೂ ಕೈಯಲ್ಲಿ ನಡುವಿಗೆ ಹಿಡಿದುಕೊಂಡ. "ನಿನ್ನ ಮೇಲೆ ಅನುಮಾನ," ಅಂದ. ಅಷ್ಟು ನೇರವಾಗಿ ಅವನು ಅದನ್ನು ಯಾವತ್ತೂ ಹೇಳಿರಲಿಲ್ಲ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ನುಗ್ಗಿಬಂತು. ಇಷ್ಟು ದಿನ ಹಿಡಿದಿಟ್ಟಿದ್ದೆಲ್ಲ ಸೇರಿಸಿ ಅತ್ತಳು. ಅವನು ಸಮಾಧಾನ ಮಾಡಲು ಹೋದರೆ ಪ್ಯಾಂಟು ಬೀಳುತ್ತದೆ, ಪ್ಯಾಂಟು ಹಿಡಿದುಕೊಂಡರೆ ಸಮಾಧಾನ ಮಾಡಲು ಕೈಯಿಲ್ಲ. ಕೊನೆಗೆ ಬಿದ್ದರೆ ಬೀಳಲಿ ಅಂತ ಬಿಟ್ಟು ಅವಳ ತಲೆ ಮೇಲೆ ಕೈಯಿಟ್ಟ.

ಹೊರಗಡೆ ಮಾಸ್ತರ ದನಿ ಕೇಳಿಸಿತು. "ಟೇಲರೇ, ಏನು ತೀರ್ಮಾನ ಮಾಡಿದ್ರಿ?"

ಅವಳು ಮೂಗು ಒರೆಸಿಕೊಂಡು ಪರದೆಯ ಒಳಗಿಂದಲೇ ಕೂಗಿದಳು. "ಅವರು ಊಟಕ್ಕೆ ಕೂತಿದ್ದಾರೆ ಮಾಸ್ತರೇ. ಇನ್ನು ಕರೀಬೇಡಿ."

ಅನ್ನವನ್ನು ಬೆಣ್ಣೆ ಥರ ಬೇಯಿಸಿ, ನೀರು ನೀರು ಮಾಡಿ, ಸಣ್ಣ ಬಟ್ಟಲಲ್ಲಿ ತಂದಳು. "ಇವತ್ತಿಗೆ ಇಷ್ಟೇ. ನಾಳೆ ಡಾಕ್ಟರ ಹತ್ರ ಹೋಗೋಣ, ಹೊಟ್ಟೆ ಕರಗಿಸೋದಿದ್ರೆ ಅವರು ಹೇಳಿದ ಹಾಗೆ ಉಂಡು ಕರಗಿಸಿ," ಅಂದಳು. ಅವನು ಬಟ್ಟಲನ್ನು ಬೆಳಕಿಗೆ ಎತ್ತಿದ, ಹಳೇ ಅಭ್ಯಾಸ. ಅವಳು ನೋಡುತ್ತಿರುವುದು ಕಂಡು ಕೆಳಗಿಳಿಸಿ ಉಂಡ. ಒಂದೊಂದು ಚಮಚಕ್ಕೂ ಕಣ್ಣಲ್ಲಿ ನೀರು ಬಂತು. ಬಿಸಿಗೆ ಅಂತ ಹೇಳಿದ.

ಉಂಡಾದ ಮೇಲೆ ಅವಳು ಗೂಟದಿಂದ ಟೇಪು ತಂದಳು. "ನಿಂತ್ಕೊಳ್ಳಿ. ನಾಳೆ ಹಾಕ್ಕೊಂಡು ಹೋಗೋಕೆ ಒಂದಾದ್ರೂ ಬೇಕಲ್ಲ."

ಅಣ್ಣ ಹೋದ ಮೇಲೆ ಅವನು ಯಾರ ಕೈಗೂ ಮೈ ಕೊಟ್ಟು ನಿಂತಿರಲಿಲ್ಲ. ಕೈ ಎತ್ತಿ ನಿಂತ. ಉಸಿರು ಬಿಗಿಹಿಡಿಯಲಿಲ್ಲ. ಅವಳು ಟೇಪು ಸುತ್ತಿ, ಬೆರಳು ಒತ್ತಿ, ತುಟಿಯಲ್ಲೇ ಏನೋ ಅಂದುಕೊಂಡಳು. ಆಮೇಲೆ ತಲೆ ಎತ್ತಿ, "ಇನ್ನೊಂದ್ಸಲ ಅಳೀಬೇಕಾ?" ಅಂತ ಕೇಳಿದಳು.

"ಬೇಡ, ಒಂದು ಸಾಕು," ಅಂದ. "ಹಿಡಿದು ಹೊಲಿ. ಬಟ್ಟೆ ಮಾತ್ರ ಕತ್ತರಿಸಬೇಡ."